ನೀಲಕಂಠನ ಗರಿಯಲ್ಲಿ ಅಲೆಗಳ ಜಾಡು: ಸರ್ ಸಿ.ವಿ. ರಾಮನ್ ಬದುಕಿನ ಮತ್ತೊಂದು ಅಧ್ಯಾಯ

ಸುಗ್ಗಿಯ ದಿನಗಳಲ್ಲಿ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಕಾಲಿಟ್ಟವರ ಕಣ್ಣು ತುಂಬುವುದು ಕೆಂಪು ಬಣ್ಣ. ಡಬ್ಬಿ ಮತ್ತು ಕಡ್ಡಿ ತಳಿಗಳ ರಾಶಿಗಳು ಪ್ರಾಂಗಣದುದ್ದಕ್ಕೂ ಹರಡಿಕೊಂಡಿರುತ್ತವೆ. ಇದೇ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಬಂಕಾಪುರ ಕೋಟೆಯಲ್ಲಿ, 2006ರಲ್ಲಿ ನವಿಲು ಧಾಮವೆಂದು ಘೋಷಿತವಾದ ಪ್ರದೇಶದಲ್ಲಿ, ಬೆಳಗಿನ ಹೊತ್ತು ಕಾಣುವುದು ನವಿಲಿನ ಕತ್ತಿನ ಕಡುನೀಲಿ. ರಾಣೆಬೆನ್ನೂರಿನ ಸುತ್ತಲ ಹೊಲಗಳಲ್ಲಿ ವಿದ್ಯುತ್ ತಂತಿಯ ಮೇಲೆ ಮಂಕಾಗಿ ಕುಳಿತ ನೀಲಕಂಠ ಹಕ್ಕಿ ರೆಕ್ಕೆ ಬಿಚ್ಚಿ ಹಾರಿದೊಡನೆ ಮತ್ತೊಂದು ಬಗೆಯ ನೀಲಿ ಮಿಂಚಿ ಮರೆಯಾಗುತ್ತದೆ.

ಮೆಣಸಿನಕಾಯಿಯನ್ನು ಎಷ್ಟೇ ನುಣ್ಣಗೆ ಕುಟ್ಟಿದರೂ ಕೆಂಪು ಹಾಗೆಯೇ ಉಳಿಯುತ್ತದೆ. ತಾನಾಗಿ ಉದುರಿದ ನವಿಲುಗರಿಯ ನೀಲಿ ಎಳೆಗಳನ್ನು ಅರೆದು ಪುಡಿ ಮಾಡಿದರೆ ಮಾತ್ರ ನೀಲಿ ಮಾಯವಾಗಿ ಕಂದು ಪುಡಿಯಷ್ಟೇ ಉಳಿಯುತ್ತದೆ. ಕಾರಣವಿಷ್ಟೆ: ಮೆಣಸಿನಕಾಯಿಯಲ್ಲಿ ಕೆಂಪು ವರ್ಣದ್ರವ್ಯವಿದೆ. ಗರಿಯಲ್ಲಿ ನೀಲಿ ದ್ರವ್ಯವೇ ಇಲ್ಲ. ಅದರ ಅತಿಸೂಕ್ಷ್ಮ ರಚನೆಗೆ ತಾಗಿ ಮರಳುವ ಬೆಳಕಿನ ಅಲೆಗಳು ಒಂದರೊಡನೊಂದು ಕೂಡಿ, ಕಳೆದು ಆ ನೀಲಿಯನ್ನು ಹುಟ್ಟಿಸುತ್ತವೆ. ರಚನೆ ಮುರಿದರೆ ಬಣ್ಣವೂ ಮುರಿಯುತ್ತದೆ. ಭೌತವಿಜ್ಞಾನದಲ್ಲಿ ಇದಕ್ಕೆ ವ್ಯತಿಕರಣವೆಂದು ಹೆಸರು.

ಈ ವಿದ್ಯಮಾನದ ಬೆನ್ನುಹತ್ತಿ ಜೀವನದ ಬಹುಭಾಗವನ್ನು ಕಳೆದ ವಿಜ್ಞಾನಿಯೊಬ್ಬರು ನಮ್ಮ ರಾಜ್ಯದಲ್ಲಿಯೇ 37 ವರ್ಷ ಬಾಳಿ, ಇಲ್ಲಿಯೇ ಮಣ್ಣಾದರು. ಅವರು ಚಂದ್ರಶೇಖರ ವೆಂಕಟರಾಮನ್. ರಾಮನ್ ಪರಿಣಾಮ ಮತ್ತು ನೊಬೆಲ್ ಪ್ರಶಸ್ತಿಯಿಂದ ಅವರನ್ನು ಶಾಲಾ ಮಕ್ಕಳೂ ಬಲ್ಲರು. ಆದರೆ ಅವರ ಮೊದಲ ಪ್ರಬಂಧವೂ, ಬೆಂಗಳೂರಿನಲ್ಲಿ ಅವರು ನಡೆಸಿದ ಬಹಳಷ್ಟು ಸಂಶೋಧನೆಯೂ ಬೆಳಕಿನ ಅಲೆಗಳು ಪರಸ್ಪರ ಸಂಧಿಸಿದಾಗ ಏನಾಗುತ್ತದೆ ಎಂಬ ಪ್ರಶ್ನೆಯ ಸುತ್ತ ಹೆಣೆದುಕೊಂಡಿದ್ದವು ಎಂಬುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ಎರಡು ದಾರಿ, ಒಂದೇ ಗೋಡೆ

ರಾಮನ್ ಅವರ ಕೆಲಸವನ್ನು ಅರಿಯಲು ಮೊದಲು ಲಂಡನ್ನಿನ ವೈದ್ಯ ಥಾಮಸ್ ಯಂಗ್ ಅವರತ್ತ ಹೊರಳಬೇಕಾಗುತ್ತದೆ. ಬೆಳಕು ಕಣಗಳ ಪ್ರವಾಹವೆಂಬ ನ್ಯೂಟನ್ನರ ಅಭಿಪ್ರಾಯಕ್ಕೆ ಎದುರಾಡುವುದು ಸುಲಭವಲ್ಲದ ಕಾಲವದು. 1803ರ ನವೆಂಬರ್‌ನಲ್ಲಿ ಯಂಗ್ ರಾಯಲ್ ಸೊಸೈಟಿಯ ಮುಂದೆ ಒಂದು ಸರಳ ಪ್ರಯೋಗವನ್ನು ವಿವರಿಸಿದರು. ಕತ್ತಲೆ ಕೋಣೆಯ ಕಿಟಕಿಯಲ್ಲಿ ಸೂಜಿ ರಂಧ್ರ. ಅದರಿಂದ ಒಳಬಂದ ಬಿಸಿಲಿನ ಎಳೆಗೆ ಅಡ್ಡಲಾಗಿ ಒಂದು ಮಿಲಿಮೀಟರ್‌ಗಿಂತ ತುಸು ಕಿರಿದಾದ ರಟ್ಟಿನ ಪಟ್ಟಿ. ಪಟ್ಟಿಯ ಎರಡೂ ಪಕ್ಕದಿಂದ ಹಾದ ಬೆಳಕು ಹಿಂದೆ ಬೆಳಕು-ಕತ್ತಲೆಗಳ ಗೆರೆಗಳನ್ನು ಮೂಡಿಸಿತು. ಒಂದು ಪಕ್ಕದ ಬೆಳಕನ್ನು ತಡೆದೊಡನೆ ನೆರಳಿನೊಳಗಿನ ಗೆರೆಗಳು ಅಳಿಸಿಹೋದವು. ಎರಡು ಸೀಳುಗಳ ಮೂಲಕ ಬೆಳಕು ಹಾಯಿಸುವ, ಇಂದು ಪಠ್ಯಪುಸ್ತಕಗಳಲ್ಲಿ ಜೋಡಿ ಸೀಳಿನ ಪ್ರಯೋಗವೆಂದು ಕಾಣುವ ರೂಪವನ್ನು ಅವರು 1807ರಲ್ಲಿ ಪ್ರಕಟವಾದ ತಮ್ಮ ಉಪನ್ಯಾಸಗಳಲ್ಲಿ ವಿವರಿಸಿದರು.

ಹಾವೇರಿಯ ಹೆಗ್ಗೇರಿ ಕೆರೆಯ ನಿಶ್ಚಲ ನೀರಿಗೆ ಅಕ್ಕಪಕ್ಕದಲ್ಲಿ ಎರಡು ಕಲ್ಲುಗಳನ್ನು ಒಮ್ಮೆಲೇ ಎಸೆದರೆ ಇದರ ಮರ್ಮ ತಿಳಿಯುತ್ತದೆ. ಎರಡೂ ಕಡೆಯಿಂದ ವರ್ತುಲಗಳು ಹೊರಟು ಒಂದನ್ನೊಂದು ಹಾಯುತ್ತವೆ. ಉಬ್ಬಿಗೆ ಉಬ್ಬು ಸೇರಿದ ಕಡೆ ನೀರು ಇಮ್ಮಡಿ ಏರುತ್ತದೆ. ಉಬ್ಬಿಗೆ ತಗ್ಗು ಸೇರಿದ ಕಡೆ ನೀರು ಕದಲುವುದೇ ಇಲ್ಲ. ಬೆಳಕಿಗೂ ಇದೇ ಲೆಕ್ಕ. ಗೋಡೆಯ ಯಾವ ಜಾಗಕ್ಕೆ ಎರಡು ಸೀಳುಗಳಿಂದ ಬಂದ ಅಲೆಗಳು ಹೆಜ್ಜೆಗೆ ಹೆಜ್ಜೆ ಕೂಡಿಸಿ ತಲುಪುತ್ತವೆಯೋ ಅಲ್ಲಿ ಬೆಳಕು. ಅರ್ಧ ಹೆಜ್ಜೆ ತಪ್ಪಿದಲ್ಲಿ ಕತ್ತಲೆ. ಬೆಳಕಿಗೆ ಬೆಳಕು ಸೇರಿ ಕತ್ತಲೆಯಾಗುವುದನ್ನು ಕಣಗಳ ಪ್ರವಾಹದ ಕಲ್ಪನೆಯಿಂದ ವಿವರಿಸುವುದು ಕಷ್ಟ.

ಈ ಹೆಜ್ಜೆ ಎಷ್ಟು ಚಿಕ್ಕದೆಂದರೆ, ಕೆಂಪು ಬೆಳಕಿನ ತರಂಗದೂರ ಸುಮಾರು 0.00065 ಮಿಲಿಮೀಟರ್. ಕಾಲು ಮಿಲಿಮೀಟರ್ ಅಂತರದ ಎರಡು ಸೀಳುಗಳಿಂದ ಹಾದ ಈ ಬೆಳಕು ಎರಡು ಮೀಟರ್ ದೂರದ ಗೋಡೆಯ ಮೇಲೆ ಸುಮಾರು 5 ಮಿಲಿಮೀಟರ್ ಅಂತರದ ಪಟ್ಟಿಗಳನ್ನು ಮೂಡಿಸುತ್ತದೆ. ಕಣ್ಣಿಗೆ ನಿಲುಕದ ಅಳತೆಯೊಂದು ಹೀಗೆ ಸಾಧಾರಣ ಅಳತೆಪಟ್ಟಿಗೆ ಸಿಗುವಷ್ಟು ಹಿಗ್ಗುತ್ತದೆ. ನೀಲಿಯ ತರಂಗದೂರ ಇನ್ನೂ ಕಡಿಮೆಯಾದ್ದರಿಂದ ಅದರ ಪಟ್ಟಿಗಳು ಹೆಚ್ಚು ಒತ್ತೊತ್ತಾಗಿರುತ್ತವೆ. ಬಿಳಿ ಬೆಳಕಿನಲ್ಲಿ ಬಣ್ಣಗಳು ಬೇರೆ ಬೇರೆಯಾಗಿ ಕಾಣಲು ಇದೇ ಕಾರಣ. ಸೋಪಿನ ಗುಳ್ಳೆಯ, ಮಳೆನೀರಿನ ಮೇಲೆ ಹರಡಿದ ಎಣ್ಣೆಯ ಬಣ್ಣಗಳೂ ಈ ಕುಟುಂಬಕ್ಕೆ ಸೇರಿದವು.

ಹದಿನೆಂಟರ ಹರೆಯದಲ್ಲಿ

ರಾಮನ್ 1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದರು. ತಂದೆ ಚಂದ್ರಶೇಖರ ಅಯ್ಯರ್ ಗಣಿತ ಮತ್ತು ಭೌತಶಾಸ್ತ್ರದ ಅಧ್ಯಾಪಕರು. ತಾಯಿ ಪಾರ್ವತಿ ಅಮ್ಮಾಳ್. ತಂದೆಗೆ ವಿಶಾಖಪಟ್ಟಣದ ಕಾಲೇಜಿನಲ್ಲಿ ಕೆಲಸ ದೊರೆತದ್ದರಿಂದ ಬಾಲ್ಯ ಅಲ್ಲಿ ಕಳೆಯಿತು. 11ನೇ ವಯಸ್ಸಿಗೇ ಮೆಟ್ರಿಕ್ಯುಲೇಷನ್ ಮುಗಿಸಿದ ಹುಡುಗ 1904ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ ಮೊದಲ ಸ್ಥಾನ ಹಾಗೂ ಭೌತಶಾಸ್ತ್ರದ ಚಿನ್ನದ ಪದಕದೊಂದಿಗೆ ಬಿ.ಎ. ಪದವಿ ಪಡೆದರು.

ಎಂ.ಎ. ವಿದ್ಯಾರ್ಥಿಯಾಗಿದ್ದಾಗ ಪ್ರಯೋಗಾಲಯದಲ್ಲಿ ಪ್ರಿಸಂ ಹಾಗೂ ಸ್ಪೆಕ್ಟ್ರೋಮೀಟರ್ ಇಟ್ಟುಕೊಂಡು ದಿನನಿತ್ಯದ ಅಳತೆ ನಡೆಸುತ್ತಿದ್ದ ಅವರ ಕಣ್ಣಿಗೆ ವಿಚಿತ್ರವೊಂದು ಬಿತ್ತು. ಪ್ರಿಸಂನ ಮುಖದ ಮೇಲೆ ಬಹಳ ಓರೆಯಾಗಿ ಬಿದ್ದು ಪ್ರತಿಫಲಿಸಿದ ಬೆಳಕಿನಲ್ಲಿ ಪಟ್ಟಿಗಳು ಮೂಡಿದ್ದವು; ಎಡ ಬಲದ ಪಟ್ಟಿಗಳು ಸರಿಸಮವಾಗಿರಲಿಲ್ಲ. ಓರೆಯಾದ ಆ ಮುಖವೇ ಒಂದು ಕಿರಿದಾದ ಸೀಳಿನಂತೆ ವರ್ತಿಸುತ್ತಿತ್ತು. ಅಂಚುಗಳಲ್ಲಿ ಬೆಳಕು ಬಾಗುವ ಈ ಕ್ರಿಯೆಗೆ ವಿವರ್ತನೆಯೆಂದು ಹೆಸರು. ಬಾಗಿದ ಅಲೆಗಳು ಪರಸ್ಪರ ಕೂಡಿಕೊಳ್ಳುವುದರಿಂದಲೇ ಪಟ್ಟಿಗಳು ಮೂಡುವುದರಿಂದ ವಿವರ್ತನೆ ಮತ್ತು ವ್ಯತಿಕರಣಗಳನ್ನು ಅವಳಿಗಳೆಂದರೆ ತಪ್ಪಾಗಲಾರದು.

ಅದೇ ಕೋಣೆಯಲ್ಲಿ ಅದೇ ಉಪಕರಣವನ್ನು ಬಳಸಿದ ವಿದ್ಯಾರ್ಥಿಗಳು ಎಷ್ಟು ಮಂದಿಯೋ! ರಾಮನ್ ಆ ಸಮವಲ್ಲದ ಪಟ್ಟಿಗಳನ್ನು ಅಳೆದರು, ಲೆಕ್ಕ ಹಾಕಿದರು, ಪ್ರಬಂಧ ಬರೆದರು. ಲಂಡನ್ನಿನ ಫಿಲಾಸಫಿಕಲ್ ಮ್ಯಾಗಜೀನ್ ಅದನ್ನು 1906ರ ನವೆಂಬರ್‌ನಲ್ಲಿ ಪ್ರಕಟಿಸಿತು. ಲೇಖಕನ ವಯಸ್ಸು 18. ಬೇರೆ ಯಾರ ಹೆಸರೂ ಪ್ರಬಂಧದ ಮೇಲಿರಲಿಲ್ಲ.

ಹಗಲು ಲೆಕ್ಕಪತ್ರ, ಉಳಿದ ಹೊತ್ತು ಬೆಳಕು

ಅಂದಿನ ಭಾರತದಲ್ಲಿ ವಿಜ್ಞಾನವನ್ನೇ ವೃತ್ತಿಯಾಗಿಸಿಕೊಳ್ಳುವ ಅವಕಾಶ ಅತಿ ವಿರಳ. ಇಂಗ್ಲೆಂಡಿಗೆ ಹೋಗುವ ಯೋಚನೆಗೆ ವೈದ್ಯರ ಸಮ್ಮತಿ ಸಿಗಲಿಲ್ಲ. ಅಲ್ಲಿನ ಹವೆಯನ್ನು ಆ ಕೃಶ ದೇಹ ತಾಳಲಾರದೆಂದು ಅವರು ತೀರ್ಮಾನಿಸಿದರು. ರಾಮನ್ ಹಣಕಾಸು ಇಲಾಖೆಯ ಪರೀಕ್ಷೆಗೆ ಕುಳಿತು ಮೊದಲಿಗರಾಗಿ ತೇರ್ಗಡೆಯಾದರು. 1907ರಲ್ಲಿ ಲೋಕಸುಂದರಿ ಅವರನ್ನು ವಿವಾಹವಾಗಿ, ಅದೇ ವರ್ಷ ಕಲ್ಕತ್ತೆಯಲ್ಲಿ ಸಹಾಯಕ ಅಕೌಂಟೆಂಟ್ ಜನರಲ್ ಆಗಿ ಕೆಲಸಕ್ಕೆ ಸೇರಿದರು.

ಬೌಬಜಾರ್ ರಸ್ತೆಯಲ್ಲಿ ಮಹೇಂದ್ರಲಾಲ್ ಸರ್ಕಾರ್ ಅವರು 1876ರಲ್ಲಿ ಸ್ಥಾಪಿಸಿದ್ದ ವಿಜ್ಞಾನ ಸಂಸ್ಥೆಯೊಂದು ಬಹುಮಟ್ಟಿಗೆ ನಿಶ್ಶಬ್ದವಾಗಿ ಬಿದ್ದಿತ್ತು. ಅದರ ಬಾಗಿಲು ರಾಮನ್ ಅವರಿಗೆ ತೆರೆಯಿತು. ಕಚೇರಿಗೆ ಮುಂಚೆ, ಕಚೇರಿಯ ಬಳಿಕ, ರಜಾ ದಿನಗಳಲ್ಲಿ ಅವರು ಅಲ್ಲಿ ದುಡಿದರು. ಆಶುತೋಷ್ ಡೇ ಎಂಬ ಸಹಾಯಕರು ಜೊತೆಗಿದ್ದರು. ಪಿಟೀಲು, ವೀಣೆ, ಮೃದಂಗ, ತಬಲಾಗಳ ಕಂಪನವೂ ಅಲ್ಲಿ ಪರೀಕ್ಷೆಗೆ ಒಳಗಾಯಿತು. ನಾದವಾಗಲಿ ಬೆಳಕಾಗಲಿ, ಅಲೆಯ ಗಣಿತ ಒಂದೇ ಕುಲದ್ದು.

1917ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದ ಕುಲಪತಿಯಾಗಿ ಖ್ಯಾತರಾಗಿದ್ದ ಆಶುತೋಷ್ ಮುಖರ್ಜಿ ಅವರ ಆಹ್ವಾನದ ಮೇರೆಗೆ, ಹೆಚ್ಚು ಸಂಬಳದ ಸರ್ಕಾರಿ ಹುದ್ದೆಯನ್ನು ತೊರೆದು ಪಾಲಿತ್ ಪ್ರಾಧ್ಯಾಪಕ ಪೀಠವನ್ನು ಅವರು ವಹಿಸಿಕೊಂಡರು. ಯಂಗ್ ಗಮನಿಸಿದ್ದ ಇನ್ನೊಂದು ವಿದ್ಯಮಾನವನ್ನೂ ಈ ಅವಧಿಯಲ್ಲಿ ಮತ್ತೆ ಕೈಗೆತ್ತಿಕೊಂಡರು. ಎರಡು ಗಾಜಿನ ಫಲಕಗಳ ನಡುವೆ ಗಾಳಿ ಹಾಗೂ ದ್ರವದ ಸಣ್ಣ ಸಣ್ಣ ತುಣುಕುಗಳು ಬೆರೆತ ತೆಳು ಪೊರೆಯಿದ್ದರೆ, ಅದರ ಮೂಲಕ ದೀಪವನ್ನು ನೋಡಿದಾಗ ಬಣ್ಣಗಳು ಕಾಣುತ್ತವೆ. ದ್ರವದೊಳಗೆ ಹಾದ ಅಲೆ ಗಾಳಿಯಲ್ಲಿ ಹಾದ ಅಲೆಗಿಂತ ಹಿಂದುಳಿಯುವುದೇ ಇದಕ್ಕೆ ಮೂಲ. ರಾಮನ್ ಮತ್ತು ಅವರ ಶಿಷ್ಯ ಬಾನರ್ಜಿ 1921ರಲ್ಲಿ ಇದರ ಕುರಿತು ಪ್ರಬಂಧ ಪ್ರಕಟಿಸಿದರು. ಗಾಜು, ಒಂದಿಷ್ಟು ದ್ರವ, ಒಂದು ದೀಪ: ಸಲಕರಣೆ ಇಷ್ಟೇ.

ಕಡಲಿನ ನೀಲಿಯಿಂದ ನೊಬೆಲ್‌ವರೆಗೆ

1921ರಲ್ಲಿ ಆಕ್ಸ್‌ಫರ್ಡ್‌ನ ಸಮ್ಮೇಳನಕ್ಕೆಂದು ಹಡಗೇರಿದ ರಾಮನ್ ಅವರನ್ನು ಮೆಡಿಟರೇನಿಯನ್ ಕಡಲಿನ ಗಾಢ ನೀಲಿ ಸೆರೆಹಿಡಿಯಿತು. ಕಡಲ ನೀಲಿ ಆಕಾಶದ ಪ್ರತಿಬಿಂಬ ಮಾತ್ರವೆಂದು ಲಾರ್ಡ್ ರ್‍ಯಾಲೆ ಅಭಿಪ್ರಾಯಪಟ್ಟಿದ್ದರು. ಪ್ರತಿಫಲನದ ಬೆಳಕನ್ನು ತಡೆಯುವ ನಿಕಲ್ ಪ್ರಿಸಂ ಎಂಬ ಪುಟ್ಟ ಉಪಕರಣವನ್ನು ಕಣ್ಣಿಗೆ ಹಿಡಿದು ರಾಮನ್ ನೋಡಿದರು. ಪ್ರತಿಬಿಂಬ ಮರೆಯಾದರೂ ನೀಲಿ ಉಳಿಯಿತು. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂಬ ನಿರ್ಣಯಕ್ಕೆ ಅವರು ಬಂದರು. ಮರಳಿ ಬರುವಾಗ ನಾರ್ಕುಂಡಾ ಹಡಗಿನಲ್ಲಿಯೇ ಪ್ರಬಂಧ ಸಿದ್ಧವಾಯಿತು.

ಮುಂದಿನ ಏಳು ವರ್ಷಗಳ ದುಡಿಮೆ 1928ರ ಫೆಬ್ರುವರಿ 28ರಂದು ಫಲ ನೀಡಿತು. ದ್ರವವೊಂದರಲ್ಲಿ ಚದುರಿದ ಬೆಳಕಿನ ಅತಿ ಸಣ್ಣ ಅಂಶ ತನ್ನ ಬಣ್ಣವನ್ನೇ ಬದಲಿಸಿಕೊಂಡು ಹೊರಬರುತ್ತದೆ ಎಂಬುದನ್ನು ರಾಮನ್ ಮತ್ತು ಕೆ.ಎಸ್. ಕೃಷ್ಣನ್ ಕಂಡರು. ಈ ಶೋಧದ ವಿಸ್ತೃತ ಉಪನ್ಯಾಸ ನಡೆದದ್ದು ಬೆಂಗಳೂರಿನಲ್ಲಿ. 1928ರ ಮಾರ್ಚ್ 16ರಂದು ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ ರಾಮನ್ ಅದನ್ನು ಮಂಡಿಸಿದರು. 1929ರಲ್ಲಿ ಸರ್ ಪದವಿ, 1930ರಲ್ಲಿ ನೊಬೆಲ್ ಪ್ರಶಸ್ತಿ ಅವರನ್ನು ಅರಸಿ ಬಂದವು.

ಇಲ್ಲೊಂದು ಸ್ವಾರಸ್ಯವಿದೆ. ಅಲೆಗಳ ಉಪಾಸಕರಾದ ರಾಮನ್ ಅವರ ಶೋಧ ಬೆಳಕು ಶಕ್ತಿಯನ್ನು ಗಂಟು ಗಂಟಾಗಿ ಕೊಡು-ಕೊಳ್ಳುತ್ತದೆ ಎಂಬ ಕ್ವಾಂಟಮ್ ಸಿದ್ಧಾಂತಕ್ಕೆ ಬೆಂಬಲವಾಯಿತು. ಹಾಗಾದರೆ ಜೋಡಿ ಸೀಳಿನ ಪಟ್ಟಿಗಳ ಗತಿಯೇನು? ಇಂಗ್ಲೆಂಡಿನ ಜೆಫ್ರಿ ಟೇಲರ್ 1909ರಲ್ಲಿಯೇ ಅತಿ ಮಂದ ಬೆಳಕಿನಲ್ಲಿ ಸೂಜಿಯೊಂದರ ನೆರಳಿನ ಚಿತ್ರವನ್ನು ದೀರ್ಘಕಾಲ ತೆಗೆದು, ಬೆಳಕು ಎಷ್ಟೇ ಕ್ಷೀಣವಾದರೂ ಪಟ್ಟಿಗಳು ಅಳಿಯುವುದಿಲ್ಲ ಎಂದು ತೋರಿಸಿದ್ದರು. ಬೆಳಕಿನ ಗಂಟುಗಳನ್ನು ಒಂದೊಂದಾಗಿ ಕಳುಹಿಸಿದರೂ, ಗೋಡೆಯ ಮೇಲೆ ಬಿಂದುಗಳಾಗಿ ಬೀಳುವ ಅವು ಕೊನೆಗೆ ಅಲೆಯ ಪಟ್ಟಿಗಳನ್ನೇ ಬಿಡಿಸುತ್ತವೆ ಎಂಬುದನ್ನು ನಂತರದ ಪ್ರಯೋಗಗಳು ಖಚಿತಪಡಿಸಿವೆ. ಅಲೆಯೂ ಹೌದು, ಕಣವೂ ಹೌದು ಎಂಬ ಈ ಒಗಟನ್ನು ರಾಮನ್ ಎರಡೂ ಬದಿಯಿಂದ ಮುಟ್ಟಿದರು.

ಬೆಂಗಳೂರಿನಲ್ಲಿ ಹೊಸ ಬೆಳಗು

1933ರಲ್ಲಿ ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ಆ ಸ್ಥಾನಕ್ಕೇರಿದ ಮೊದಲ ಭಾರತೀಯರು ಅವರು. ಭೌತಶಾಸ್ತ್ರ ವಿಭಾಗವನ್ನು ಕಟ್ಟಿದರು. 1934ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿ ಅದರ ಪತ್ರಿಕೆಯನ್ನು ಆರಂಭಿಸಿದರು. ಭಾರತೀಯರ ಸಂಶೋಧನೆ ಭಾರತದ ಪತ್ರಿಕೆಯಲ್ಲಿಯೇ ಪ್ರಕಟವಾಗಬೇಕೆಂಬುದು ಅವರ ಹಟವಾಗಿತ್ತು.

1935-36ರಲ್ಲಿ ಅವರು ಮತ್ತು ಎನ್.ಎಸ್. ನಾಗೇಂದ್ರನಾಥ್ ಮಂಡಿಸಿದ ಸಿದ್ಧಾಂತ ಇಂದಿಗೂ ಇಬ್ಬರ ಹೆಸರಿನಲ್ಲಿದೆ. ದ್ರವದೊಳಗೆ ಕಿವಿಗೆ ಕೇಳಿಸದಷ್ಟು ಎತ್ತರದ ನಾದದ ಅಲೆಗಳನ್ನು ಹಾಯಿಸಿದರೆ ದ್ರವ ಒಂದೆಡೆ ದಟ್ಟ, ಒಂದೆಡೆ ವಿರಳವಾಗಿ ಸಾಲುಗಟ್ಟುತ್ತದೆ. ಅಡ್ಡಲಾಗಿ ಬಂದ ಬೆಳಕಿಗೆ ಅದು ನೂರಾರು ಸೀಳುಗಳ ಜಾಲರಿಯಂತೆ ಆಗಿ, ಒಂದು ಕಿರಣ ಹಲವು ಕಿರಣಗಳಾಗಿ ಒಡೆಯುತ್ತದೆ. ಯೂರೋಪ್ ಹಾಗೂ ಅಮೆರಿಕದಲ್ಲಿ 1932ರಲ್ಲಿ ಕಂಡುಬಂದಿದ್ದ ಈ ವಿದ್ಯಮಾನಕ್ಕೆ ಸಮರ್ಪಕ ಗಣಿತವನ್ನು ಬೆಂಗಳೂರು ಒದಗಿಸಿತು. ಲೇಸರ್ ಕಿರಣವನ್ನು ನಾದದಿಂದ ನಿಯಂತ್ರಿಸುವ ಇಂದಿನ ಉಪಕರಣಗಳ ಬೇರು ಇಲ್ಲಿದೆ.

ಅದೇ ಅವಧಿಯಲ್ಲಿ ರಾಮನ್ ಗಮನ ಮುತ್ತಿನ ಚಿಪ್ಪು ಮತ್ತು ಹಕ್ಕಿಯ ಗರಿಗಳತ್ತ ಹರಿಯಿತು. ಚಿಪ್ಪಿನ ಒಳಮೈಯ ಮಿನುಗು ಒಂದರ ಮೇಲೊಂದು ಕುಳಿತ ಸುಣ್ಣದ ತೆಳು ಪದರಗಳಿಂದ ಹುಟ್ಟುವುದು. ಹಕ್ಕಿಯ ಗರಿಗಳ ಅಧ್ಯಯನಕ್ಕೆ ಅವರು ಆಯ್ದುಕೊಂಡದ್ದು ನೀಲಕಂಠವನ್ನು. ಇಂದು ಕರ್ನಾಟಕದ ರಾಜ್ಯಪಕ್ಷಿಯಾಗಿರುವ, ರಾಣೆಬೆನ್ನೂರಿನ ಹೊಲಗಳಲ್ಲಿ ನಾವು ಕಾಣುವ ಅದೇ ಹಕ್ಕಿ.

ನೀಲಕಂಠದ ನೀಲಿ ನವಿಲಿನಂತೆ ನೋಡುವ ಕೋನಕ್ಕೆ ತಕ್ಕಂತೆ ಎದ್ದುಕಾಣುವಷ್ಟು ಬದಲಾಗುವುದಿಲ್ಲ. ಆದ್ದರಿಂದ ಅದು ಆಕಾಶದ ನೀಲಿಯಂತೆಯೇ ಸೂಕ್ಷ್ಮ ಕಣಗಳಿಂದ ಬೆಳಕು ಅಡ್ಡಾದಿಡ್ಡಿಯಾಗಿ ಚದುರುವುದರಿಂದ ಹುಟ್ಟಿದ್ದೆಂಬ ನಂಬಿಕೆ ವಿಜ್ಞಾನಿಗಳಲ್ಲಿ ಪ್ರಚಲಿತವಾಗಿತ್ತು. ಚದುರುವಿಕೆಯ ವಿಷಯದಲ್ಲಿ ಜಗತ್ತಿಗೇ ಅಧಿಕಾರವಾಣಿಯಾಗಿದ್ದ, ಅದಕ್ಕಾಗಿಯೇ ನೊಬೆಲ್ ಪಡೆದಿದ್ದ ರಾಮನ್ ಈ ವಿವರಣೆಯನ್ನು ಒಪ್ಪಿಕೊಂಡಿದ್ದರೆ ಯಾರಿಗೂ ಅಚ್ಚರಿಯಾಗುತ್ತಿರಲಿಲ್ಲ. ಅವರು ಒಪ್ಪಲಿಲ್ಲ. ಸೂಕ್ಷ್ಮದರ್ಶಕದಡಿ ಗರಿಯನ್ನಿಟ್ಟು ಪರೀಕ್ಷಿಸಿ, ಆಕಾಶದ ವಿವರಣೆ ಗರಿಗೆ ಸಾಲದೆಂದೂ ಇದು ರಚನೆಯಿಂದ ಹುಟ್ಟಿದ ಅಲೆಗಳ ಆಟವೆಂದೂ ವಾದಿಸಿದರು.

ಈ ವಾದ ಬಹುಕಾಲ ಮೂಲೆಗುಂಪಾಗಿತ್ತು. 1998ರಲ್ಲಿ ಅಮೆರಿಕದ ರಿಚರ್ಡ್ ಪ್ರಮ್ ಮತ್ತು ಸಂಗಡಿಗರು ಇಂತಹ ನೀಲಿ ಗರಿಗಳ ಒಳರಚನೆಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ನೆರವಿನಿಂದ ವಿಶ್ಲೇಷಿಸಿದರು. ಗರಿಯ ಎಳೆಯೊಳಗಿನ ಗಾಳಿಯ ಸೂಕ್ಷ್ಮ ಪೊಳ್ಳುಗಳು ಹೆಚ್ಚುಕಡಿಮೆ ಸಮಾನ ಅಂತರದಲ್ಲಿದ್ದು, ಅವುಗಳಿಂದ ಮರಳುವ ಅಲೆಗಳು ಹೆಜ್ಜೆ ಕೂಡಿಸಿ ನೀಲಿಯನ್ನು ಬಲಪಡಿಸುತ್ತವೆ ಎಂಬುದು ಸ್ಪಷ್ಟವಾಯಿತು. ನವಿಲುಗರಿಯ ರಚನೆಯ ನಿಖರ ವಿವರವನ್ನು 2003ರಲ್ಲಿ ಚೀನಾದ ಸಂಶೋಧಕರು ಪ್ರಕಟಿಸಿದರು. ಆಕಾಶ, ಕಡಲು, ಗರಿ ಇವುಗಳ ನೀಲಿ ನೋಡಲು ಒಂದೇ ಬಗೆಯಾದರೂ ಹುಟ್ಟಿನಲ್ಲಿ ಬೇರೆ ಬೇರೆ ಎಂಬ ರಾಮನ್ ಅವರ ಒಳನೋಟ ಆರು ದಶಕಗಳಿಗೂ ಹೆಚ್ಚು ಕಾಲದ ಬಳಿಕ ಪುರಸ್ಕಾರ ಪಡೆಯಿತು.

ಹಟದ ಬೆಲೆ

ಒಪ್ಪಿತ ಅಭಿಪ್ರಾಯವನ್ನು ಒಪ್ಪದ ಈ ಸ್ವಭಾವ ಪ್ರಯೋಗಾಲಯದ ಹೊರಗೆ ರಾಮನ್ ಅವರಿಗೆ ಸುಖ ತರಲಿಲ್ಲ. ವಿಜ್ಞಾನ ಸಂಸ್ಥೆಯ ಆಡಳಿತದಲ್ಲಿ ಅವರ ವೇಗ ಮತ್ತು ನಿಷ್ಠುರತೆ ಅನೇಕರನ್ನು ಎದುರು ಹಾಕಿಕೊಂಡಿತು. ಭೌತಶಾಸ್ತ್ರಕ್ಕೆ ಹೆಚ್ಚು ಒಲವು ತೋರುತ್ತಾರೆಂಬ ಆಕ್ಷೇಪವೆದ್ದಿತು. 1936ರ ಪರಿಶೀಲನಾ ಸಮಿತಿಯ ವರದಿಯ ಬಳಿಕ, 1937ರಲ್ಲಿ ಅವರು ನಿರ್ದೇಶಕ ಸ್ಥಾನವನ್ನು ಬಿಡಬೇಕಾಯಿತು. ಪ್ರಾಧ್ಯಾಪಕರಾಗಿ ಮಾತ್ರ 1948ರವರೆಗೆ ಮುಂದುವರಿದರು. ತಾವೇ ಬೆಂಗಳೂರಿಗೆ ಕರೆಸಿಕೊಂಡಿದ್ದ ಜರ್ಮನಿಯ ಮ್ಯಾಕ್ಸ್ ಬಾರ್ನ್ ಅವರೊಡನೆ ಸ್ಫಟಿಕಗಳ ಕಂಪನದ ವಿಷಯದಲ್ಲಿ ನಂತರ ವರ್ಷಗಟ್ಟಲೆ ವಾದ ನಡೆಸಿದರು. ಆ ವಾದದಲ್ಲಿ ವಿಜ್ಞಾನ ಲೋಕ ರಾಮನ್ ಪಕ್ಷಕ್ಕೆ ನಿಲ್ಲಲಿಲ್ಲ.

ಮಹಿಳೆಯರ ವಿಷಯದಲ್ಲಿ ಅವರ ನಿಲುವು ಇಂದು ನುಂಗಲಾರದ ತುತ್ತು. 1933ರಲ್ಲಿ ಸಂಶೋಧನೆಗೆ ಬಂದ ಕಮಲಾ ಭಾಗವತ್, ಮುಂದೆ ಕಮಲಾ ಸೊಹೋನಿ ಎಂದು ಹೆಸರಾದವರು, ಪ್ರವೇಶಕ್ಕಾಗಿ ಹೋರಾಡಬೇಕಾಯಿತು. ಒಂದು ವರ್ಷ ಪರೀಕ್ಷಾರ್ಥವೆಂಬ ಷರತ್ತಿನ ಮೇಲೆ ಸೇರಿದ ಅವರು ತಮ್ಮ ಕೆಲಸದಿಂದಲೇ ಉತ್ತರ ನೀಡಿದರು. 1940ರ ದಶಕದಲ್ಲಿ ಅನ್ನಾ ಮಣಿ ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರಗಳ ಬೆಳಕನ್ನು ಅಭ್ಯಸಿಸಿ ಮಹಾಪ್ರಬಂಧ ಬರೆದರು. ಎಂ.ಎಸ್ಸಿ. ಪದವಿಯಿಲ್ಲವೆಂಬ ಕಾರಣಕ್ಕೆ ಮದರಾಸು ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ನೀಡಲಿಲ್ಲ. ದೊಡ್ಡವರ ಜೀವನಚರಿತ್ರೆಯಲ್ಲಿ ಇಂತಹ ಪುಟಗಳನ್ನು ಮಡಚಿಡುವುದು ಸಲ್ಲದು.

ಸೋದರಳಿಯನ ಮೂರು ಹೆಜ್ಜೆ

1948ರಲ್ಲಿ ನಿವೃತ್ತರಾದ ರಾಮನ್, ಮೈಸೂರು ಸಂಸ್ಥಾನ ಅಕಾಡೆಮಿಗೆ ನೀಡಿದ್ದ ಜಾಗದಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆಯನ್ನು ನೆಲೆಗೊಳಿಸಿದರು. ಬೆಂಗಳೂರಿನ ಮೇಖ್ರಿ ವೃತ್ತದ ಬಳಿಯ ರಾಮನ್ ಸಂಶೋಧನಾ ಸಂಸ್ಥೆ ಇದೇ. ಸರ್ಕಾರದ ಅನುದಾನ ಪಡೆದರೆ ವರದಿ ಒಪ್ಪಿಸುತ್ತ ಕೂರಬೇಕಾಗುತ್ತದೆಂಬ ಕಾರಣಕ್ಕೆ ಅದನ್ನು ದೂರವಿಟ್ಟು, ಸ್ವಂತ ಹಣ ಹಾಗೂ ದಾನಿಗಳ ನೆರವಿನಿಂದ ಸಂಸ್ಥೆಯನ್ನು ನಡೆಸಿದರು. 1954ರಲ್ಲಿ ಭಾರತರತ್ನ ಸಂದಿತು.

ಅಲ್ಲಿಗೆ ಸಂಶೋಧನೆಗೆ ಬಂದವರಲ್ಲಿ ಅವರ ಸೋದರಿಯ ಮಗ ಎಸ್. ಪಂಚರತ್ನಂ ಒಬ್ಬರು. 1956ರಲ್ಲಿ, 22ನೇ ವಯಸ್ಸಿನಲ್ಲಿ, ಈ ಯುವಕ ವ್ಯತಿಕರಣದ ವ್ಯಾಪಕ ಸಿದ್ಧಾಂತವೊಂದನ್ನು ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಯಂಗ್ ಅವರ ಪ್ರಯೋಗದಲ್ಲಿ ಎರಡು ಸೀಳುಗಳಿಂದ ಬರುವ ಬೆಳಕು ಒಂದೇ ಬಗೆಯದು. ಅಲೆಗಳ ಕಂಪನದ ದಿಕ್ಕು, ಅಂದರೆ ಧ್ರುವೀಕರಣ, ಬೇರೆ ಬೇರೆಯಾಗಿದ್ದರೆ ಅವು ಹೆಜ್ಜೆ ಕೂಡಿವೆಯೆಂದು ಹೇಳುವುದು ಹೇಗೆ ಎಂಬುದು ಪಂಚರತ್ನಂ ಪ್ರಶ್ನೆ. ಎರಡನ್ನೂ ಸೇರಿಸಿದಾಗ ಅತಿ ಹೆಚ್ಚು ಪ್ರಕಾಶ ಬಂದರೆ ಹೆಜ್ಜೆ ಕೂಡಿವೆ ಎನ್ನೋಣವೆಂದು ಅವರು ನಿಯಮ ಹಾಕಿಕೊಂಡರು. ಆಗ ಎದುರಾದದ್ದು ಅನಿರೀಕ್ಷಿತ ಫಲಿತಾಂಶ.

ಹಾವೇರಿಯ ಗಡಿಯಾರ ರಾಣೆಬೆನ್ನೂರಿನದಕ್ಕೆ ಸರಿಹೊಂದಿದೆ, ರಾಣೆಬೆನ್ನೂರಿನದು ಬ್ಯಾಡಗಿಯದಕ್ಕೆ ಹೊಂದಿದೆ ಎಂದಿಟ್ಟುಕೊಳ್ಳೋಣ. ಬ್ಯಾಡಗಿಯದು ಹಾವೇರಿಯದಕ್ಕೆ ಹೊಂದಲೇಬೇಕೆಂದು ನಾವು ತಿಳಿಯುತ್ತೇವೆ. ಧ್ರುವೀಕೃತ ಬೆಳಕಿನಲ್ಲಿ ಈ ಮಾತು ನಿಲ್ಲುವುದಿಲ್ಲ. ಮೊದಲನೆಯದು ಎರಡನೆಯದರೊಡನೆ, ಎರಡನೆಯದು ಮೂರನೆಯದರೊಡನೆ ಹೆಜ್ಜೆ ಕೂಡಿದ್ದರೂ ಮೂರನೆಯದು ಮೊದಲನೆಯದರೊಡನೆ ತಪ್ಪಬಹುದು. ಆ ತಪ್ಪು ಎಷ್ಟೆಂಬುದನ್ನು ಒಂದು ಗೋಲದ ಮೇಲೆ ಬರೆದ ತ್ರಿಕೋನದ ವಿಸ್ತಾರ ನಿರ್ಧರಿಸುತ್ತದೆ.

ಈ ಪ್ರಬಂಧದ ಮಹತ್ವ ಸುಮಾರು ಮೂವತ್ತು ವರ್ಷ ಹೊರಜಗತ್ತಿಗೆ ಅರಿವಾಗಲಿಲ್ಲ. ಪಂಚರತ್ನಂ ಮೈಸೂರು ವಿಶ್ವವಿದ್ಯಾಲಯದಲ್ಲಿ ಕೆಲಕಾಲ ಬೋಧಿಸಿ ಆಕ್ಸ್‌ಫರ್ಡ್‌ಗೆ ತೆರಳಿದರು. 1969ರಲ್ಲಿ, 35ನೇ ವಯಸ್ಸಿನಲ್ಲಿ, ಅಲ್ಲಿಯೇ ನಿಧನರಾದರು. ಇಂಗ್ಲೆಂಡಿನ ಮೈಕಲ್ ಬೆರ್ರಿ 1984ರಲ್ಲಿ ಕ್ವಾಂಟಮ್ ಲೋಕದಲ್ಲಿ ಇಂತಹದೇ ತತ್ವವನ್ನು ಕಂಡುಹಿಡಿದು ಪ್ರಸಿದ್ಧರಾದರು. ಬೆಂಗಳೂರಿನ ಎಸ್. ರಾಮಶೇಷನ್ ಮತ್ತು ರಾಜಾರಾಂ ನಿತ್ಯಾನಂದ 1986ರಲ್ಲಿ ಪಂಚರತ್ನಂ ಅವರ ಹಳೆಯ ಪ್ರಬಂಧದತ್ತ ಗಮನ ಸೆಳೆದರು. ಬೆರ್ರಿ 1987ರಲ್ಲಿ ಅದನ್ನು ಮುಕ್ತಮನದಿಂದ ಗೌರವಿಸಿದರು. ಇಂದು ಜಗತ್ತಿನ ದೃಗ್ವಿಜ್ಞಾನದಲ್ಲಿ ಪಂಚರತ್ನಂ ಹೆಸರು ಸ್ಥಿರವಾಗಿದೆ.

ಭಾರತದ ಕೆಲಸ ಭಾರತದ ಪತ್ರಿಕೆಯಲ್ಲಿ ಎಂಬ ಹಟ ಒಂದು ಪೀಳಿಗೆಗೆ ಸ್ವಾಭಿಮಾನ ನೀಡಿತು. ಅದೇ ಹಟದಿಂದಾಗಿ, ರಾಮನ್ ಸಂಸ್ಥೆಯಲ್ಲಿ ಹುಟ್ಟಿದ ವ್ಯತಿಕರಣದ ಅತಿ ದೊಡ್ಡ ಶೋಧವೊಂದು ದೂರದ ಓದುಗರ ಮೇಜಿಗೆ ತಡವಾಗಿ ತಲುಪಿತು ಎಂಬುದನ್ನೂ ಅಲ್ಲಗಳೆಯಲಾಗದು. ಅದರ ಕೀರ್ತಿಯನ್ನು ಕಾಣಲು ಅಳಿಯನೂ ಉಳಿಯಲಿಲ್ಲ, ಮಾವನೂ ಉಳಿಯಲಿಲ್ಲ.

ಕೊನೆಯ ದಿನಗಳು

ಇಳಿವಯಸ್ಸಿನಲ್ಲಿ ರಾಮನ್ ಹೂಗಳ ಬಣ್ಣ ಮತ್ತು ಕಣ್ಣಿನ ದೃಷ್ಟಿಯ ಅಧ್ಯಯನದಲ್ಲಿ ತೊಡಗಿದರು. ಸಂಸ್ಥೆಯ ವಸ್ತು ಸಂಗ್ರಹಾಲಯದಲ್ಲಿ ಚಿಪ್ಪು, ಚಿಟ್ಟೆ, ಹರಳು, ಖನಿಜಗಳನ್ನು ಜೋಡಿಸಿ, ಬಂದವರಿಗೆ ತಾವೇ ಉತ್ಸಾಹದಿಂದ ತೋರಿಸುತ್ತಿದ್ದರು. 1968ರ ಡಿಸೆಂಬರ್‌ನಲ್ಲಿ, 80 ದಾಟಿದ ವಯಸ್ಸಿನಲ್ಲಿ, ಅಹಮದಾಬಾದಿನ ಸಮುದಾಯ ವಿಜ್ಞಾನ ಕೇಂದ್ರದಲ್ಲಿ ಆಕಾಶ ಏಕೆ ನೀಲಿ ಎಂಬ ವಿಷಯವಾಗಿ ಮಾತನಾಡಿದರು. 1970ರ ನವೆಂಬರ್ 21ರಂದು ಬೆಂಗಳೂರಿನಲ್ಲಿ ನಿಧನರಾದರು. ಅವರ ಅಪೇಕ್ಷೆಯಂತೆ ಸಂಸ್ಥೆಯ ಆವರಣದಲ್ಲಿಯೇ ಆಡಂಬರವಿಲ್ಲದೆ ಅಂತ್ಯಸಂಸ್ಕಾರ ನಡೆಯಿತು. ಆ ಜಾಗದಲ್ಲಿ ಸಮಾಧಿಯ ಬದಲು ಒಂದು ಮರವನ್ನು ನೆಡಲಾಯಿತು.

1987ರಿಂದ ಫೆಬ್ರುವರಿ 28ನ್ನು ರಾಷ್ಟ್ರೀಯ ವಿಜ್ಞಾನ ದಿನವಾಗಿ ಆಚರಿಸಲಾಗುತ್ತಿದೆ. ಶಾಲೆಗಳಲ್ಲಿ ಅಂದು ಭಾವಚಿತ್ರಕ್ಕೆ ಹಾರ ಹಾಕಿ ಭಾಷಣ ಮಾಡುವುದು ರೂಢಿ. ಅದರ ಜೊತೆಗೆ, ರಾಮನ್ ಮೆಚ್ಚಬಹುದಾದ ಸಣ್ಣ ಪ್ರಯೋಗವೊಂದನ್ನೂ ಮಾಡಬಹುದು. ಕತ್ತಲೆ ಕೋಣೆಯಲ್ಲಿ ಕೆಂಪು ಲೇಸರ್ ಪಾಯಿಂಟರ್‌ನ ಬಾಯಿಗೆ ಒಂದು ತಲೆಗೂದಲನ್ನು ಅಡ್ಡಲಾಗಿ ಅಂಟಿಸಿ, ಎರಡು ಮೀಟರ್ ದೂರದ ಗೋಡೆಗೆ ಬೆಳಕು ಬಿಡಬೇಕು. ಕಿರಣ ಯಾರ ಕಣ್ಣಿಗೂ ಬೀಳದಂತೆ ಶಿಕ್ಷಕರು ಎಚ್ಚರ ವಹಿಸಬೇಕು. ಯಂಗ್ ಅವರ ರಟ್ಟಿನ ಪಟ್ಟಿಯ ಜಾಗದಲ್ಲಿ ಈಗ ಕೂದಲಿದೆ. ಗೋಡೆಯ ಮೇಲೆ ಬೆಳಕು-ಕತ್ತಲೆಗಳು ಸಾಲಾಗಿ ಮೂಡುತ್ತವೆ. ಒಂದು ಕತ್ತಲೆಯಿಂದ ಪಕ್ಕದ ಕತ್ತಲೆಗೆ 16 ಮಿಲಿಮೀಟರ್ ಇದ್ದರೆ ಕೂದಲಿನ ದಪ್ಪ ಸುಮಾರು 0.08 ಮಿಲಿಮೀಟರ್. ತರಂಗದೂರವನ್ನು ಗೋಡೆಯ ದೂರದಿಂದ ಗುಣಿಸಿ, ಪಟ್ಟಿಗಳ ಅಂತರದಿಂದ ಭಾಗಿಸಿದರಾಯಿತು.

ಹಾವೇರಿಯಾಗಲಿ, ರಾಣೆಬೆನ್ನೂರಾಗಲಿ, ಬ್ಯಾಡಗಿಯಾಗಲಿ, ಯಾವ ಶಾಲೆಯ ಕೋಣೆಯಲ್ಲಿಯೂ ಇದು ಸಾಧ್ಯ. ಪ್ರಿಸಂನ ಮೇಲೆ ಮೂಡಿದ ಸಮವಲ್ಲದ ಪಟ್ಟಿಗಳನ್ನು ಕಂಡು ಸುಮ್ಮನಾಗದ ಹದಿನೆಂಟರ ಹುಡುಗನ ಬಳಿಯೂ ಇದಕ್ಕಿಂತ ಹೆಚ್ಚಿನ ಸಲಕರಣೆ ಇರಲಿಲ್ಲ.